ಕಾವ್ಯದಲ್ಲಿ ಪುಷ್ಪಲಾವಿ

ನಮ್ಮ ಮಾಸಪತ್ರಿಕೆಗೆ ಬರುವ ಕವಿತೆಗಳನ್ನು ಓದಿ ಅಭಿಪ್ರಾಯ ಬರೆಯುವ ಕಾರ್ಯವನ್ನು ಸಂಘದ ಮಿತ್ರರು ಕೆಲವು ವರ್ಷಗಳಿಂದ ನನಗೆ ಒಪ್ಪಿಸಿರುವರು. ಈ ಸಲ ಬಂದವುಗಳಲ್ಲಿ ಹೂವಾಡಗಿತ್ತಿಯನ್ನು ಕುರಿತ ಕವಿತೆಗಳೇ ನಾಲ್ಕು ಇದ್ದವು. ನಾಲ್ಕರಲ್ಲಿಯೂ ಛಂದಸ್ಸು ಶುದ್ಧವಾಗಿದೆ, ಪದಗಳು ಮೃದುವಾಗಿವೆ, ಬರೆದವರು ತರುಣರು, ಸಹೃದಯರು. ಆದರೂ ನಾಲ್ಕನ್ನೂ ಹಿಂದಕ್ಕೆ ಕಳುಹಿಸಬೇಕಾಯಿತು. ಕಾರಣವನ್ನು ಎರಡು ಸಾಲಿನಲ್ಲಿ ತಿಳಿಸಿದರೆ ಅವರಿಗೂ ಅನ್ಯಾಯ, ವಿಷಯಕ್ಕೂ ಅನ್ಯಾಯ. ಆದುದರಿಂದ ವಾಚಕರ ಮುಂದೆ ಅದನ್ನು ಸ್ವಲ್ಪ ವಿಸ್ತಾರವಾಗಿ ಇಡುತ್ತೇನೆ.

ಮೊದಲನೆಯ ಕವಿತೆಯಲ್ಲಿ ಹೂವಾಡಗಿತ್ತಿ ಮುಂಜಾವದಲ್ಲಿ ಅರಳಿದ ಮಲ್ಲಿಗೆಯನ್ನು ಗಿಡದಿಂದ ಬಿಡಿಸಿ ತರುತ್ತಾಳೆ. ಎರಡನೆಯದರಲ್ಲಿ ಹೊಯ್ಸಳರ ಕಾಲದ ದೇಗುಲದ ಬಾಗಿಲಿಗೆ ಚೆಂಡುಹೂವಿನ ತೋರಣವಿದೆ. ಮೂರನೆಯದರಲ್ಲಿ ಹೂವು ತನ್ನನ್ನು ಕೊಯ್ಯಬೇಡವೆಂದು ಅಳುತ್ತದೆ. ನಾಲ್ಕನೆಯದರಲ್ಲಿ ಮಾರುವವಳೇ ಹೂವಾಗಿದ್ದಾಳೆ. ಈ ನಾಲ್ವರಲ್ಲಿ ಒಬ್ಬರಿಗಾದರೂ ಹೂವು ಬೀಜದಿಂದ ಬಂದುದೆಂಬ ನೆನಪಿಲ್ಲ. ಬುಟ್ಟಿಯಿಂದ ಹಿಂದಕ್ಕೆ ಅವರ ದೃಷ್ಟಿ ಹೋಗಿಯೇ ಇಲ್ಲ.

ಈ ಮಾತನ್ನು ಆಡುವ ಅಧಿಕಾರ ನನಗಿದೆಯೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ನಾನು ಪಾಠ ಹೇಳಿದೆನು. ಮೇಘದೂತದ ಪೂರ್ವಭಾಗದಲ್ಲಿ, ವಿದಿಶೆಯ ಸಮೀಪದ ಬೆಟ್ಟದಲ್ಲಿ ವಿಶ್ರಮಿಸಿದ ಮೇಘವು ಹೊಳೆಯ ದಡದ ತೋಟಗಳ ಮೇಲೆ ಸಾಗುವ ಶ್ಲೋಕವೊಂದಿದೆ. ಅಲ್ಲಿ ಪುಷ್ಪಲಾವಿಯರು, ಎಂದರೆ ಹೂ ಕೊಯ್ಯುವ ಹೆಂಗಸರು, ಕಾಣಿಸುತ್ತಾರೆ. ಕೆನ್ನೆಯ ಬೆವರನ್ನು ಪದೇಪದೇ ಒರೆಸಿಕೊಂಡು ಅವರು ಕಿವಿಗೆ ಮುಡಿದ ನೈದಿಲೆ ಬಾಡಿಹೋಗಿದೆ. ಮೇಘವು ಅವರ ಮುಖಕ್ಕೆ ಕ್ಷಣಕಾಲ ನೆರಳನ್ನು ಕೊಡುತ್ತದೆ. ನಾನು ಸಮಾಸಗಳನ್ನು ಬಿಡಿಸಿ, ವೃತ್ತವನ್ನು ಹೇಳಿ ಮುಂದೆ ಹೋಗುತ್ತಿದ್ದೆನು. ಒಮ್ಮೆ ಹಿಂದಿನ ಮಣೆಯ ಹುಡುಗನೊಬ್ಬನು ಎದ್ದು, “ಅವರಿಗೆ ಕೂಲಿ ಎಷ್ಟು, ಮೇಷ್ಟ್ರೇ?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆನು. ಆ ಹುಡುಗನ ಮನೆಯವರು ಹೂ ಬೆಳೆದು ಜೀವಿಸುವವರೆಂಬುದು ಆಗ ನನಗೆ ತಿಳಿದಿರಲಿಲ್ಲ.

ನಿವೃತ್ತನಾದ ಮೇಲೆ ಊರಿನ ಅರ್ಧ ಎಕರೆ ಭೂಮಿಯಲ್ಲಿ ನಾನೇ ಹೂ ಬೆಳೆಯಲು ತೊಡಗಿದೆನು. ಆಗ ನನಗೆ ಗುರುವಾದವನು ಅದೇ ಹುಡುಗ. ಈಗ ಅವನಿಗೂ ತಲೆ ನರೆಯುತ್ತಿದೆ. ಆಸ್ಟರ್ ಹೂವಿನ ಬೀಜವನ್ನು ಅಂಗೈಯಲ್ಲಿಟ್ಟು, “ಹಳೆಯ ಬೀಜ ನಂಬಬೇಡಿ ಮೇಷ್ಟ್ರೇ, ಇದಕ್ಕೆ ಆಯುಸ್ಸು ಕಡಿಮೆ” ಎಂದನು. ಮರಳಿನೊಡನೆ ಬೆರೆಸಿ ಸಸಿಮಡಿಯಲ್ಲಿ ತೆಳುವಾಗಿ ಬಿತ್ತಿಸಿದನು. ಜರಡಿಯಾಡಿದ ಗೊಬ್ಬರವನ್ನು ಮೇಲೆ ಉದುರಿಸಿದನು. ಬಿರುಸಾಗಿ ನೀರು ಹೊಯ್ಯಗೊಡಲಿಲ್ಲ. ಒಮ್ಮೆ ಆಸ್ಟರ್ ಬೆಳೆದ ನೆಲದಲ್ಲಿ ಬೆನ್ನುಬೆನ್ನಿಗೆ ಮತ್ತೆ ಅದನ್ನೇ ಇಟ್ಟರೆ ಸೊರಗುರೋಗ ಹಿಡಿಯುವುದೆಂದು ಎಚ್ಚರಿಸಿದನು. ಬಿತ್ತಿದಂದಿನಿಂದ ಮೊದಲ ಹೂವಿಗೆ ಮೂರು ತಿಂಗಳಿಗೆ ಕಡಿಮೆಯಿಲ್ಲ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಈ ಹೂವಿನಲ್ಲಿ ತಾವು ಸಿದ್ಧಪಡಿಸಿದ ತಳಿಗಳಿಗೆ ಕಾಮಿನಿ, ಪೂರ್ಣಿಮಾ, ಶಶಾಂಕ ಎಂಬ ಹೆಸರುಗಳನ್ನಿಟ್ಟಿದ್ದಾರೆ. ಮೊದಲನೆಯದು ದಟ್ಟ ಗುಲಾಬಿ ಬಣ್ಣದ್ದು, ಉಳಿದೆರಡು ಬಿಳಿಯವು. ಚೀನಾ ದೇಶದಿಂದ ಬಂದ ಗಿಡಕ್ಕೆ ಕಾವ್ಯದ ನಾಮಧೇಯ! ವಿಜ್ಞಾನಿಗಳಿಗೆ ನಮ್ಮ ಕಾವ್ಯಪರಂಪರೆಯ ನೆನಪು ಬಂದಷ್ಟು, ನಮ್ಮ ಕವಿಗಳಿಗೆ ಸಸಿಮಡಿಯ ನೆನಪು ಬರಲಿಲ್ಲವಲ್ಲ ಎಂದು ನನಗೆ ಅನಿಸಿತು.

ಇನ್ನು ಕವಿತೆಗಳ ವಿಚಾರ. ಮಲ್ಲಿಗೆಯನ್ನು ಮಾರಾಟಕ್ಕಾಗಿ ಅರಳಿದ ಮೇಲೆ ಬಿಡಿಸುವುದಿಲ್ಲ. ಮೊಗ್ಗಾಗಿರುವಾಗಲೇ ಬೆಳಗ್ಗೆ ಬಿಡಿಸುತ್ತಾರೆ. ಅದು ಕೊಂಡವರ ಮುಡಿಯಲ್ಲಿ ಸಂಜೆಗೆ ಅರಳುತ್ತದೆ. ಆಸ್ಟರ್ ಇದಕ್ಕೆ ವಿರುದ್ಧ: ಹೊರಸುತ್ತಿನ ಎಸಳುಗಳು ಗಿಡದಲ್ಲಿಯೇ ಬಿಚ್ಚಿಕೊಂಡಿರಬೇಕು, ಮೊಗ್ಗನ್ನು ಕೊಯ್ದರೆ ಬುಟ್ಟಿಯಲ್ಲಿ ಮೊಗ್ಗಾಗಿಯೇ ಒಣಗುತ್ತದೆ. “ಕವಿಯೇನು ರೈತನೇ? ರಸವಿದ್ದರೆ ಸಾಲದೇ?” ಎಂದು ಕೇಳುವವರುಂಟು. ಅದೇ ಮೇಘದೂತದ ಶ್ಲೋಕವನ್ನು ಅವರು ಮತ್ತೊಮ್ಮೆ ನೋಡಲಿ. ಮೇಘವು ತುಂತುರು ಸಿಂಪಡಿಸುವುದು ಯೂಥಿಕೆಯ ‘ಜಾಲಕ’ಗಳ ಮೇಲೆ. ಯೂಥಿಕೆಯು ಮಲ್ಲಿಗೆಯ ಒಂದು ಜಾತಿ. ಜಾಲಕವೆಂದರೆ ಮೊಗ್ಗಿನ ಗೊಂಚಲು. ಮಹಾಕವಿಯು ಕೊಯ್ಯುವವಳನ್ನು ಮೊಗ್ಗಿನ ಬಳಿ ನಿಲ್ಲಿಸಿದನು. ನಮ್ಮ ತರುಣ ಮಿತ್ರರು ಅವಳನ್ನು ಅರಳಿದ ಹೂವಿನ ಬಳಿ ನಿಲ್ಲಿಸಿದರು. ತಿಳಿದವರು ಓದಿದಾಗ ಅಲ್ಲಿಯೇ ರಸ ಮುರಿಯಿತು. ರಸಭಂಗಕ್ಕೆ ಮೂಲವು ಅನೌಚಿತ್ಯವೆಂಬ ಆನಂದವರ್ಧನನ ಮತವು ಇಂತಹ ಸಣ್ಣ ವಿಷಯಗಳಿಗೂ ಅನ್ವಯಿಸುತ್ತದೆ.

ಎರಡನೆಯ ಕವಿತೆಯ ದೋಷವು ಕಾಲದ್ದು. ಚೆಂಡುಹೂವಿನ ತವರು ಮೆಕ್ಸಿಕೊ ಮತ್ತು ಅದರ ಆಸುಪಾಸಿನ ಅಮೆರಿಕದ ಭೂಭಾಗ. ಕೊಲಂಬಸನು ಆ ಕಡಲನ್ನು ದಾಟಿದುದು 1492ರಲ್ಲಿ. ಹೊಯ್ಸಳರ ರಾಜ್ಯವು ಅದಕ್ಕೆ ನೂರು ವರ್ಷಗಳಿಗೂ ಹಿಂದೆ, 14ನೆಯ ಶತಮಾನದಲ್ಲಿಯೇ, ಮುಗಿದುಹೋಗಿತ್ತು. ಇಂದು ಚೆಂಡುಹೂವಿಲ್ಲದೆ ನಮ್ಮ ಆಯುಧಪೂಜೆ ನಡೆಯದು. ಆದರೆ ವಿಷ್ಣುವರ್ಧನನು ಅದನ್ನು ಕಂಡವನಲ್ಲ. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ದೇಶವಿಭಾಗ ಕಾಲವಿಭಾಗಗಳಿಗಾಗಿ ಅಧ್ಯಾಯಗಳನ್ನೇ ಮೀಸಲಿಟ್ಟು, ಯಾವ ಋತುವಿನಲ್ಲಿ ಯಾವ ಹೂವೆಂಬುದನ್ನು ಕವಿಗಳಿಗೆ ತಿಳಿಸಿದನು. ಯಾವ ಶತಮಾನದಲ್ಲಿ ಯಾವ ಹೂವೆಂಬುದನ್ನು ತಿಳಿದುಕೊಳ್ಳುವುದು ಈಗಿನ ಕವಿಯ ಹೊಣೆ.

ಮೂರನೆಯದು ಹೆಚ್ಚು ಗಂಭೀರವಾದ ಪ್ರಶ್ನೆ. ಕೊಯ್ಯುವುದು ಕ್ರೌರ್ಯವೇ? ಶಾಕುಂತಲದ ನಾಲ್ಕನೆಯ ಅಂಕದಲ್ಲಿ ಕಣ್ವರು ತಪೋವನದ ಮರಗಳಿಗೆ ಮಗಳನ್ನು ಪರಿಚಯಿಸುವ ಮಾತು ಎಲ್ಲರಿಗೂ ಗೊತ್ತು: ಅಲಂಕಾರದಲ್ಲಿ ಆಸೆಯಿದ್ದರೂ ಶಕುಂತಲೆಯು ಪ್ರೀತಿಯಿಂದ ಚಿಗುರನ್ನು ಕೀಳುತ್ತಿರಲಿಲ್ಲ. ನಮ್ಮ ತರುಣ ಕವಿಯು ಈ ಭಾವವನ್ನೇ ಹೂವಿನ ಹೊಲಕ್ಕೆ ತಂದಿದ್ದಾನೆ. ನಾನೂ ಮೊದಲ ವರ್ಷ ಹಾಗೆಯೇ ಮಾಡಿದೆನು. ಚೆಂಡುಹೂವಿನ ಸಸಿಯನ್ನು ನಾಟಿಮಾಡಿ ಸುಮಾರು 40 ದಿನಗಳಾದಾಗ ನಡುಕುಡಿಯನ್ನು ಚಿವುಟಬೇಕೆಂದು ಶಿಷ್ಯನು ಹೇಳಿದರೆ ನನಗೆ ಕೈಬರಲಿಲ್ಲ. ಅರಳಿದವನ್ನು ಕೊಯ್ಯಲೂ ಹಿಂಜರಿದು ನೋಡುತ್ತ ನಿಂತೆನು. ಅವನ ತಾಯಿ ಬೇಲಿಯ ಆಚೆಯಿಂದ, “ಕೊಯ್ಯದೆ ಬಿಟ್ರೆ ಗಿಡಕ್ಕೆ ಮುಪ್ಪು ಬತ್ತದೆ ಸ್ವಾಮಿ” ಎಂದಳು. ಆಕೆಯ ಮಾತೇ ನಿಜವಾಯಿತು. ನಾನು ಚಿವುಟದ ಗಿಡಗಳು ಒಂದೇ ಕಾಂಡವಾಗಿ ಬೆಳೆದು, ಕೆಲವೇ ಹೂ ಬಿಟ್ಟು, ಬೀಜ ಕಟ್ಟುವುದರಲ್ಲಿ ತೊಡಗಿ ನಿಂತವು. ಅವರ ಹೊಲದಲ್ಲಿ ಪ್ರತಿ ಕೊಯ್ಲಿನ ಹಿಂದೆಯೇ ಹೊಸ ಕವಲು, ಹೊಸ ಮೊಗ್ಗು. ಕೊಯ್ಲು ಎರಡು ತಿಂಗಳಿಗೂ ಮೀರಿ ನಡೆಯಿತು.

ಹಾಗಾದರೆ ಕಾಲಿದಾಸನು ತಪ್ಪಿದನೇ? ಇಲ್ಲ. ಶಕುಂತಲೆಯದು ಆಶ್ರಮದ ಮರಬಳ್ಳಿಗಳೊಡನೆ ಸೋದರಿಯ ಸಂಬಂಧ. ಬೀಜದಿಂದ ಹುಟ್ಟಿ ಒಂದೇ ಋತುವಿನಲ್ಲಿ ಬಾಳು ಮುಗಿಸುವ ಗಿಡದೊಡನೆ ಬೆಳೆಗಾರನದು ಬೇರೆ ಸಂಬಂಧ. ಅದಕ್ಕೆ ತಕ್ಕ ಪ್ರಮಾಣ ವಿದುರನೀತಿಯಲ್ಲಿದೆ. ಅರಸನು ತೆರಿಗೆಯನ್ನು ಎತ್ತುವಾಗ ತೋಟದ ಮಾಲಾಕಾರನಂತೆ ಹೂವೊಂದೊಂದನ್ನೇ ಆಯ್ದುಕೊಳ್ಳಬೇಕು, ಇದ್ದಿಲು ಸುಡುವವನಂತೆ ಬೇರನ್ನು ಕಡಿಯಬಾರದೆಂದು ಅಲ್ಲಿ ಉಪದೇಶವಿದೆ. ರಾಜನೀತಿಗೆ ದೃಷ್ಟಾಂತವಾಗಬಲ್ಲಷ್ಟು ವಿವೇಕವು ಮಾಲಾಕಾರನ ಕೈಯಲ್ಲಿದೆಯೆಂದು ಮಹಾಭಾರತಕಾರನು ಕಂಡನು. ಇನ್ನೊಂದು ಮಾತು. ಬೀಜಕ್ಕೆಂದು ಅತ್ಯುತ್ತಮವಾದ ಕೆಲವು ಗಿಡಗಳ ಹೂಗಳನ್ನು ಬೆಳೆಗಾರನು ಕೊಯ್ಯದೆ ಬಿಡುತ್ತಾನೆ. ಹೆಚ್ಚು ಬೆಲೆ ಬರುವ ಹೂವನ್ನೇ ಬರುವ ವರ್ಷಕ್ಕಾಗಿ ತ್ಯಜಿಸುತ್ತಾನೆ. ಕವಿಗೆ ಕಣ್ಣೀರು ಬೇಕಾಗಿದ್ದರೆ ಇಲ್ಲಿ ಹುಡುಕಬಹುದಾಗಿತ್ತು.

ನಾಲ್ಕನೆಯ ಕವಿತೆಯ ದೋಷವು ನಮ್ಮ ಹಳೆಯ ಕಾವ್ಯಗಳಿಗೂ ಸಲ್ಲುವಂಥದು. ಆದ್ದರಿಂದ ತರುಣರನ್ನು ಮಾತ್ರ ಆಕ್ಷೇಪಿಸುವುದು ಸರಿಯಲ್ಲ. ಮಹಾಕಾವ್ಯದ ಲಕ್ಷಣದಲ್ಲಿ ದಂಡಿಯು ಉದ್ಯಾನಕ್ರೀಡೆ, ಜಲಕ್ರೀಡೆಗಳನ್ನು ಹೇಳಿದನು. ಅದರ ಅಂಗವಾಗಿ ಪುಷ್ಪಾಪಚಯದ ವರ್ಣನೆ ಬೆಳೆಯಿತು. ಅಲ್ಲಿ ಹೂವನ್ನು ಎತ್ತುವವರು ಅಂತಃಪುರದ ಸ್ತ್ರೀಯರು. ಅವರ ಬೆರಳೇ ಚಿಗುರು, ಮುಖವೇ ಕಮಲ. ಶಬ್ದಗಳನ್ನೇ ಗಮನಿಸಿರಿ. ಅಪಚಯ, ಅವಚಯಗಳು ಒಟ್ಟುಗೂಡಿಸುವ ಅರ್ಥದ ‘ಚಿ’ ಧಾತುವಿನಿಂದ ಬಂದವು. ಲಾವಿಯು ಕತ್ತರಿಸುವ ಅರ್ಥದ ‘ಲೂ’ ಧಾತುವಿನಿಂದ ಬಂದವಳು. ಒಂದು ವಿನೋದ, ಇನ್ನೊಂದು ಕೊಯ್ಲು. ಪಾಣಿನಿಯು ಮೂರನೆಯ ಅಧ್ಯಾಯದ ಒಂದು ಸೂತ್ರದಲ್ಲಿ, ಕೈಗೆ ಎಟಕುವ ಹೂವನ್ನು ಕದಿಯದೆ ಎತ್ತಿದರೆ ‘ಪ್ರಚಾಯ’ವೆಂದೂ, ಕದ್ದರೆ ದೀರ್ಘವಿಲ್ಲದ ‘ಪ್ರಚಯ’ವೆಂದೂ ಭೇದವಾಗುವಂತೆ ವಿಧಿಸಿದನು. ಹೂವು ಯಾರದು, ಎತ್ತಿದವರು ಯಾರೆಂಬ ಪ್ರಶ್ನೆಯನ್ನು ವ್ಯಾಕರಣವು ಕೇಳಿತು. ಅಲಂಕಾರಶಾಸ್ತ್ರಕ್ಕೆ ಅದರ ಅವಶ್ಯಕತೆ ಕಾಣಲಿಲ್ಲ.

ಭಾಗವತದ ದಶಮಸ್ಕಂಧದಲ್ಲಿ ಮಥುರೆಯ ಮಾಲಾಕಾರನಾದ ಸುದಾಮನು ಬರುತ್ತಾನೆ. ಕೃಷ್ಣಬಲರಾಮರಿಗೆ ಭಕ್ತಿಯಿಂದ ಮಾಲೆಗಳನ್ನು ಅರ್ಪಿಸುತ್ತಾನೆ. ನಮ್ಮ ಹರಿಹರನು ಪುಷ್ಪರಗಳೆಯಲ್ಲಿ ಹೂದೋಟಕ್ಕೆ ಹೋಗಿ, ಹೂಗಳನ್ನು ಹೆಸರು ಹಿಡಿದು ಮಾತನಾಡಿಸಿ, ವಿರೂಪಾಕ್ಷನಿಗೆ ಮಾಲೆ ಕಟ್ಟುತ್ತಾನೆ. ಕನ್ನಡದಲ್ಲಿ ಹೂವಿನ ಕೆಲಸವನ್ನು ಇಷ್ಟು ಆದರದಿಂದ ಕಂಡ ಕೃತಿಯನ್ನು ಬೇರೆ ನಾನು ಕಾಣೆ. ಗಿಡದ ಬಳಿಗೆ ಹೋದ ಕವಿ ಅವನು. ಆದರೆ ಎರಡು ಕಡೆಯೂ ಹೂವು ಅರ್ಪಿತವಾಯಿತು, ವಿಕ್ರಯವಾಗಲಿಲ್ಲ. ಕೊಟ್ಟ ಮಾಲಾಕಾರನಿಗೆ ಗ್ರಂಥದಲ್ಲಿ ಸ್ಥಾನ ದೊರೆಯಿತು. ಬೆಲೆ ಕೇಳಿದವನಿಗೆ ದೊರೆಯಲಿಲ್ಲ. ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ ಮೊದಲಾದ ಶರಣರು 12ನೆಯ ಶತಮಾನದಲ್ಲಿ ತಮ್ಮ ಕಾಯಕದ ಮಾತನ್ನು ತಾವೇ ಆಡಿ ಈ ನ್ಯೂನತೆಯನ್ನು ಎಷ್ಟೋ ಮಟ್ಟಿಗೆ ತುಂಬಿದರು. ಅವರು ತೆರೆದ ಬಾಗಿಲನ್ನು ನಾವು ಮತ್ತೆ ಮುಚ್ಚಬಾರದು.

ಬೆಲೆಯ ವಿಚಾರವು ಕಾವ್ಯಕ್ಕೆ ಹೊಲ್ಲದೆನ್ನುವವರಿಗಾಗಿ ನನ್ನ ಅನುಭವವನ್ನು ಹೇಳುತ್ತೇನೆ. ನವರಾತ್ರಿಗೆ ಹೂವು ಬರಲೆಂದು ನಾನು ಎರಡನೆಯ ವರ್ಷ ದಿನ ಎಣಿಸಿ ಬಿತ್ತಿದ್ದೆನು. ಮಳೆ ಹಿಡಿದು ನಾಟಿ ಹನ್ನೆರಡು ದಿನ ತಡವಾಯಿತು. ವಿಜಯದಶಮಿ ಕಳೆದ ಮೇಲೆ ಹೊಲ ತುಂಬ ಹೂವು ನಿಂತಿತು. ಅಷ್ಟು ಸೊಗಸನ್ನು ನಾನು ಕಂಡಿರಲಿಲ್ಲ. ಶಿಷ್ಯನೊಡನೆ ನಡುರಾತ್ರಿಯಲ್ಲಿ ಹೊರಟು ನಸುಕಿಗೆ ಮೊದಲೇ ಮಂಡಿಯಲ್ಲಿ ಬುಟ್ಟಿ ಇಳಿಸಿದೆವು. ಹಬ್ಬದ ಹಿಂದಿನ ದಿನ ಕೈಯಿಂದ ಕಿತ್ತುಕೊಳ್ಳುತ್ತಿದ್ದ ದಲ್ಲಾಳಿಯು ಈಗ ಮುಖವೆತ್ತಿ ನೋಡಲಿಲ್ಲ. ಬಂದ ಹಣ ಗಾಡಿಯ ಬಾಡಿಗೆಗೆ ಸಾಲಲಿಲ್ಲ. ಪಕ್ಕದವರು ಎರಡು ಮೂಟೆಗಳನ್ನು ರಸ್ತೆಯ ಬದಿಗೆ ಸುರಿದು ಖಾಲಿ ಗೋಣಿಯನ್ನು ಕೊಡವಿ ಮಡಿಚಿಕೊಂಡರು. ನಿನ್ನೆ ದೇವರ ಮುಡಿಗೆ ಏರಿದ ಹೂವೇ ಅದು. ಬಣ್ಣ ಅದೇ, ಎಸಳು ಅದೇ. ಸೌಂದರ್ಯವು ಕುಂದಲಿಲ್ಲ, ದಿನವು ಕಳೆದಿತ್ತು. ನನಗೆ ಪಿಂಚಣಿಯಿದೆ, ಬಂದ ನಷ್ಟವು ನನಗೆ ಅನುಭವವಾಯಿತು. ನನ್ನ ಶಿಷ್ಯನಿಗೆ ಅದು ಸಾಲವಾಯಿತು.

ಅಂದು ಹಿಂದಿರುಗುವಾಗ ಬಿಸಿಲೇರಿತ್ತು. ಅವನ ತಾಯಿ ಆಗಲೇ ಮರುದಿನದ ಕೊಯ್ಲಿಗೆ ಸಾಲಿನಲ್ಲಿ ಬಗ್ಗಿದ್ದಳು. ಮುಂಗೈಯಿಂದ ಕೆನ್ನೆಯ ಬೆವರನ್ನು ಒರೆಸಿಕೊಂಡಳು. ಮೂವತ್ತು ವರ್ಷ ನಾನು ಪಾಠ ಹೇಳಿದ ಶ್ಲೋಕವು ಆಗ ನನಗೆ ಅರ್ಥವಾಯಿತು. ಕಾಲಿದಾಸನು ಆ ಹೆಂಗಸರ ಮುಖವನ್ನು ಕಮಲವೆನ್ನಲಿಲ್ಲ. ಬೆವರಿದೆ ಎಂದನು, ಒರೆಸಿಕೊಂಡರು ಎಂದನು, ಅದರಿಂದ ಹೂವು ಬಾಡಿತು ಎಂದನು. ಪರರ ಹೂವು ಬಾಡದಂತೆ ನೋಡಿಕೊಳ್ಳುವವಳ ಸ್ವಂತ ಹೂವು ಮೊದಲು ಬಾಡುತ್ತದೆಂಬುದನ್ನು ಕಂಡವನೇ ಬರೆಯಬಲ್ಲನು. ಇದ್ದುದನ್ನು ಇದ್ದಂತೆ ಹೇಳುವ ಸ್ವಭಾವೋಕ್ತಿಯನ್ನು ದಂಡಿಯು ಅಲಂಕಾರಗಳಲ್ಲಿ ಮೊದಲನೆಯದಾಗಿ ಎಣಿಸಿದನು; ಕುಂತಕನು ಅದು ಅಲಂಕಾರವೇ ಅಲ್ಲ, ಅಲಂಕರಿಸಲ್ಪಡುವ ವಸ್ತುವೆಂದನು. ಅವರ ವಾದ ಹೇಗೇ ಇರಲಿ, ವಸ್ತುವನ್ನು ನೋಡಿಯೇ ಇಲ್ಲದವನಿಗೆ ಎರಡು ಮತಗಳಲ್ಲಿಯೂ ಆಶ್ರಯವಿಲ್ಲ.

ಆದುದರಿಂದ ನಾಲ್ವರು ತರುಣ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ. ಕವಿತೆಗಳನ್ನು ಹರಿಯಬೇಡಿರಿ. ಒಂದು ಹಿಡಿ ಚೆಂಡುಹೂವಿನ ಬೀಜವನ್ನು ತಂದು ಹಿತ್ತಲಿನಲ್ಲಿ ಬಿತ್ತಿರಿ; ವಾರದೊಳಗೆ ಮೊಳೆಯುವುದು. ಬೆಂಗಳೂರಿಗೆ ಹೋದಾಗ, 1928ರಿಂದ ನಡೆದುಬಂದಿರುವ ಕೃಷ್ಣರಾಜೇಂದ್ರ ಮಾರುಕಟ್ಟೆಯನ್ನು ಬೆಳಕು ಹರಿಯುವ ಮೊದಲು ಒಮ್ಮೆ ನೋಡಿರಿ. ಅನಂತರ ಮೊಳಕ್ಕೆ ಎಷ್ಟು, ಮಾರಿಗೆ ಎಷ್ಟು ಎಂದು ಕೇಳುವಾಗ ನಿಮ್ಮ ಧ್ವನಿಯೇ ಬೇರೆಯಾಗುವುದು. ಕವಿತೆಯ ಧ್ವನಿಯೂ ಬೇರೆಯಾಗಲಿ. ಬರೆದು ಮತ್ತೆ ಕಳುಹಿಸಿದರೆ ಸಂತೋಷದಿಂದ ಓದುವೆನು.

ಅಂದು ತರಗತಿಯಲ್ಲಿ ಕೇಳಿದ ಪ್ರಶ್ನೆಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ನಕ್ಕುದಕ್ಕೆ ಮಾತ್ರ ಆ ಶಿಷ್ಯನ ಕ್ಷಮೆಯನ್ನು ಕೇಳಿದ್ದೇನೆ. “ಅದೆಲ್ಲ ಯಾಕೀಗ ಮೇಷ್ಟ್ರೇ, ಸಸಿಗೆ ನೀರು ಬಿಡೋ ಹೊತ್ತಾಯ್ತು” ಎಂದು ಅವನು ಎದ್ದನು.