ಮನೆಯ ಡಿಸ್ಕುಗಳಿಗೊಂದು ಪೆಟ್ಟಿಗೆ: ಖಾನೆ ಎಣಿಸುವ ಮೊದಲು ಗಾಳಿಯ ದಾರಿ ನೋಡಿ

ಒಂದೇ ಮನೆಯಲ್ಲಿ ಎರಡು ಗಣಕಗಳೂ ಮೂರು-ನಾಲ್ಕು ಮೊಬೈಲ್ ಫೋನುಗಳೂ ಇರುವುದು ಇಂದು ಸಾಮಾನ್ಯ. ಅವುಗಳಲ್ಲಿ ಚದುರಿಹೋಗಿರುವ ಫೋಟೊ, ಪಾಠದ ಟಿಪ್ಪಣಿ, ಪ್ರಯೋಗದ ಅಂಕಿಅಂಶ, ಅರ್ಧ ಬರೆದ ಪ್ರಬಂಧ ಎಲ್ಲವನ್ನೂ ಒಂದೆಡೆ ಇರಿಸಿ, ಮನೆಯ ಜಾಲದ ಮೂಲಕ ಎಲ್ಲರಿಗೂ ಒದಗಿಸುವ ಗಣಕಕ್ಕೆ ‘ನ್ಯಾಸ್’ ಎಂದು ಹೆಸರು. ಇದು ಸಿದ್ಧರೂಪದಲ್ಲೂ ದೊರೆಯುತ್ತದೆ. ಆದರೆ ಬಿಡಿಭಾಗಗಳನ್ನು ಕೊಂಡು ತಾವೇ ಜೋಡಿಸಿಕೊಳ್ಳುವವರು ಶಿಕ್ಷಕರಲ್ಲೂ ವಿದ್ಯಾರ್ಥಿಗಳಲ್ಲೂ ಕಡಿಮೆಯಿಲ್ಲ.

ಹೀಗೆ ಜೋಡಿಸುವವರು ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು ಎಂದು ದಿನಗಟ್ಟಲೆ ಚರ್ಚಿಸುತ್ತಾರೆ. ಕ್ಯಾಬಿನೆಟ್, ಅಂದರೆ ಎಲ್ಲವನ್ನೂ ಹಿಡಿದಿಡುವ ಪೆಟ್ಟಿಗೆಯ ಸರದಿ ಬರುವುದು ಕೊನೆಗೆ. ಅದನ್ನು ಆರಿಸುವುದೂ ಎರಡೇ ಅಂಕಿಗಳಿಂದ: ಎಷ್ಟು ಡಿಸ್ಕು ಹಿಡಿಯುತ್ತದೆ, ಎಷ್ಟು ಚಿಕ್ಕದಾಗಿದೆ. ಜಾಹೀರಾತುಗಳು ಮಾತ್ರವಲ್ಲ, ಅನೇಕ ವಿಮರ್ಶೆಗಳೂ ಈ ಎರಡು ಅಂಕಿಗಳ ಸುತ್ತಲೇ ತಿರುಗುತ್ತವೆ. ಈ ಅಳತೆಗೋಲು ತಪ್ಪು ಎಂಬುದು ನನ್ನ ವಾದ. ನ್ಯಾಸ್‌ನ ಪೆಟ್ಟಿಗೆಯನ್ನು ಕಪಾಟೆಂದು ನೋಡಬಾರದು. ಗಾಳಿ ಹರಿಯುವ ನಾಳವೆಂದು ನೋಡಬೇಕು. ಏಕೆಂದು ನೋಡೋಣ.

ಎಲ್ಲ ಡಿಸ್ಕುಗಳೂ ಹಂಚಿಕೊಳ್ಳುವ ಭಾಗ

ನ್ಯಾಸ್‌ನಲ್ಲಿ ಒಂದಕ್ಕಿಂತ ಹೆಚ್ಚು ಡಿಸ್ಕು ಇಡುವುದು ಒಂದು ಕೆಟ್ಟರೂ ಮಾಹಿತಿ ಉಳಿಯಲಿ ಎಂದು. ‘ರೇಡ್’ ಎಂಬ ಈ ಏರ್ಪಾಡನ್ನು ವಿವರಿಸಿದ ಪ್ರಸಿದ್ಧ ಪ್ರಬಂಧ 1988ರಲ್ಲಿ ಬಂದಿತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಅದರ ಲೇಖಕರು.

ಒಂದು ಸರಳ ಲೆಕ್ಕ ಮಾಡಿ. ಒಂದು ಡಿಸ್ಕು ವರ್ಷದಲ್ಲಿ ಕೆಡುವ ಸಂಭಾವ್ಯತೆ ಶೇಕಡಾ 2 ಎಂದು ಭಾವಿಸೋಣ. ಒಂದರ ಪ್ರತಿ ಇನ್ನೊಂದರಲ್ಲಿರುವ ಎರಡು ಡಿಸ್ಕುಗಳಲ್ಲಿ ಯಾವುದಾದರೂ ಒಂದು ಕೆಡುವ ಸಂಭಾವ್ಯತೆ ಸುಮಾರು ಶೇಕಡಾ 4. ಕೆಟ್ಟದ್ದನ್ನು ಬದಲಿಸಲು ಒಂದು ವಾರ ಹಿಡಿದರೆ, ಆ ವಾರದಲ್ಲೇ ಎರಡನೆಯದೂ ಕೆಡುವ ಸಂಭಾವ್ಯತೆ ಶೇಕಡಾ 2ರ 52ನೇ ಒಂದು ಭಾಗ. ಎರಡನ್ನೂ ಗುಣಿಸಿದರೆ ವರ್ಷಕ್ಕೆ ಸುಮಾರು 65,000ದಲ್ಲಿ ಒಂದು. ನೆಮ್ಮದಿಯ ಅಂಕಿಯೇ ಸರಿ.

ಆದರೆ ಗುಣಿಸುವ ಹಕ್ಕು ನಮಗಿರುವುದು ಎರಡು ಘಟನೆಗಳು ಪರಸ್ಪರ ಸ್ವತಂತ್ರವಾಗಿದ್ದಾಗ ಮಾತ್ರ. 1988ರ ಪ್ರಬಂಧವೂ ಇದೇ ಊಹೆಯನ್ನು ಮಾಡಿಕೊಂಡಿತ್ತು. ಭೂಕಂಪ ಅಥವಾ ವಿದ್ಯುತ್ ಉಬ್ಬರದಂಥ ಸಂದರ್ಭದಲ್ಲಿ ಅದು ಸಲ್ಲದಿರಬಹುದು ಎಂದೂ ಸೂಚಿಸಿತ್ತು. ನಮ್ಮ ಮನೆಗಳಲ್ಲಿ ಭೂಕಂಪಕ್ಕಾಗಿ ಕಾಯಬೇಕಿಲ್ಲ. ಎಲ್ಲ ಡಿಸ್ಕುಗಳೂ ಒಂದೇ ಪೆಟ್ಟಿಗೆಯ ಬಿಸಿಯಲ್ಲಿ ಬೇಯುತ್ತಿದ್ದರೆ, ಒಂದೇ ತಗಡಿನ ಕಂಪನವನ್ನು ಹಂಚಿಕೊಳ್ಳುತ್ತಿದ್ದರೆ, ಅವು ಸ್ವತಂತ್ರವಲ್ಲ. ಮೇಲಾಗಿ, ಒಂದು ಕೆಟ್ಟಾಗ ಹೊಸ ಡಿಸ್ಕಿಗೆ ಮಾಹಿತಿಯನ್ನು ತುಂಬಲು ಉಳಿದವು ಗಂಟೆಗಟ್ಟಲೆ ಬಿಡುವಿಲ್ಲದೆ ದುಡಿಯಬೇಕು. ಪೆಟ್ಟಿಗೆ ಅತಿ ಹೆಚ್ಚು ಕಾಯುವುದೂ ಆಗಲೇ. ಎಸ್‌ಎಂಪಿಎಸ್‌ನಂತೆಯೇ ಕ್ಯಾಬಿನೆಟ್ ಕೂಡ ಎಲ್ಲ ಡಿಸ್ಕುಗಳಿಗೂ ಸಮಾನವಾದ ಭಾಗ. ರೇಡ್‌ನ ಲೆಕ್ಕ ಎಷ್ಟರ ಮಟ್ಟಿಗೆ ನಿಜವಾಗುತ್ತದೆ ಎಂಬುದು ಅದನ್ನೂ ಅವಲಂಬಿಸಿದೆ.

ಹಾಗೆಂದು ಡಿಸ್ಕುಗಳನ್ನು ಶೀತಲಗೃಹದಲ್ಲಿ ಇಡಬೇಕಿಲ್ಲ. ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ ಗೂಗಲ್ ಸಂಸ್ಥೆಯ ಪಿನ್‌ಹೇರೊ, ವೆಬರ್ ಮತ್ತು ಬರೋಸೊ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಧಾರಣ ಉಷ್ಣತೆಗಳ ವ್ಯಾಪ್ತಿಯಲ್ಲಿ ಬಿಸಿಗೂ ಕೆಡುವಿಕೆಗೂ ನಿರೀಕ್ಷಿಸಿದಷ್ಟು ಗಾಢ ಸಂಬಂಧ ಕಾಣಲಿಲ್ಲ. ತೀರ ತಣ್ಣಗಿದ್ದವು ಹೆಚ್ಚು ಕೆಟ್ಟಿದ್ದೂ ಉಂಟು. ಬಿಸಿಯ ಪ್ರಭಾವ ಎದ್ದು ಕಂಡದ್ದು ಉಷ್ಣತೆ ಬಹಳ ಹೆಚ್ಚಿದ್ದಾಗ ಮತ್ತು ವಯಸ್ಸಾದ ಡಿಸ್ಕುಗಳಲ್ಲಿ. ಆದ್ದರಿಂದ ನಮ್ಮ ಗುರಿ ಮಿತವಾದದ್ದು: ವರ್ಷದ ಅತಿ ಬಿಸಿಯ ದಿನದಲ್ಲೂ ಯಾವ ಡಿಸ್ಕೂ ಸುಮಾರು 45 ಡಿಗ್ರಿ ಸೆಲ್ಸಿಯಸ್ ಬಹಳವಾಗಿ ಮೀರಬಾರದು.

ಎಷ್ಟು ಗಾಳಿ ಬೇಕು?

ಆರು ಡಿಸ್ಕುಗಳು, ಒಂದೊಂದೂ 7 ವ್ಯಾಟ್ ಎಂದುಕೊಂಡರೆ ಒಟ್ಟು 42 ವ್ಯಾಟ್. ಒಂದು ಘನ ಮೀಟರ್ ಗಾಳಿಯ ರಾಶಿ ಸುಮಾರು 1.2 ಕಿಲೋಗ್ರಾಂ, ಅದರ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 1200 ಜೂಲ್ ಬೇಕು. ಒಳಬಂದ ಗಾಳಿ 5 ಡಿಗ್ರಿಯಷ್ಟೇ ಬಿಸಿಯಾಗಿ ಹೊರಹೋಗಬೇಕಾದರೆ, 42ನ್ನು 6000ದಿಂದ ಭಾಗಿಸಿ: ಸೆಕೆಂಡಿಗೆ 7 ಲೀಟರ್ ಗಾಳಿ ಸಾಕು. 120 ಮಿಲಿಮೀಟರಿನ ಸಾಧಾರಣ ಫ್ಯಾನಿನ ಡಬ್ಬಿಯ ಮೇಲೆ ನಿಮಿಷಕ್ಕೆ 50 ಘನ ಅಡಿ ಎಂದಿದ್ದರೆ, ಅದು ಸೆಕೆಂಡಿಗೆ ಸುಮಾರು 24 ಲೀಟರ್. ಬೇಕಾದದ್ದರ ಮೂರು ಪಟ್ಟಿಗೂ ಹೆಚ್ಚು! ಹಾಗಾದರೆ ಸಮಸ್ಯೆಯೆಲ್ಲಿ?

ಎರಡು ಕಡೆ. ಮೊದಲನೆಯದು, ಡಬ್ಬಿಯ ಮೇಲಿನ ಆ ಅಂಕಿ ಎದುರಿಗೆ ಯಾವ ಅಡ್ಡಿಯೂ ಇಲ್ಲದಾಗಿನದು. ಬ್ಯಾಟರಿಯ ಎರಡು ತುದಿಗಳನ್ನು ನೇರವಾಗಿ ಕೂಡಿಸಿದಾಗ ಹರಿಯುವ ಗರಿಷ್ಠ ವಿದ್ಯುತ್ತನ್ನು ನೆನೆಯಿರಿ; ಆಗ ಹೊರಮಂಡಲಕ್ಕೆ ದೊರೆಯುವ ವೋಲ್ಟೇಜು ಶೂನ್ಯ. ಫ್ಯಾನಿನ ಗರಿಷ್ಠ ಹರಿವೂ ಹಾಗೆಯೇ, ಒತ್ತಡ ಶೂನ್ಯವಿದ್ದಾಗಿನ ಹರಿವು. ಧೂಳುಸೋಸುಕ, ಜಾಲರಿ, ಕೇಬಲ್‌ಗಳ ಗೋಜಲು ಎದುರಾದಾಗ ಹರಿವು ಅರ್ಧಕ್ಕೆ ಇಳಿದರೆ ಅಚ್ಚರಿಯಿಲ್ಲ.

ಎರಡನೆಯದು ಇನ್ನೂ ಮುಖ್ಯ. ಸಮಾಂತರ ರೋಧಗಳಲ್ಲಿ ವಿದ್ಯುತ್ ಹಂಚಿಕೊಳ್ಳುವಂತೆ ಗಾಳಿಯೂ ಸುಲಭದ ದಾರಿಯಲ್ಲಿ ಹೆಚ್ಚು ಹರಿಯುತ್ತದೆ. ರಂಧ್ರ, ತಿರುವುಗಳ ಮೂಲಕ ಹರಿಯುವಾಗ ಒತ್ತಡದ ಇಳಿತವು ಹರಿವಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಡಿಸ್ಕುಗಳ ನಡುವಿನ ದಾರಿಯ ತಡೆ ಅವುಗಳ ಹೊರಗಿನ ದಾರಿಯ ತಡೆಗಿಂತ ಒಂಬತ್ತು ಪಟ್ಟು ಇದ್ದರೆ, ಹರಿವಿನ ಅನುಪಾತ ಒಂದಕ್ಕೆ ಮೂರು. ಅಂದರೆ ಕಾಲು ಭಾಗ ಗಾಳಿ ಮಾತ್ರ ಡಿಸ್ಕುಗಳಿಗೆ ತಾಗುತ್ತದೆ. 24 ಲೀಟರ್ ಮೊದಲು 12 ಆಯಿತು, ಈಗ 3 ಆಯಿತು. ಲೆಕ್ಕವನ್ನು ಮತ್ತೆ ಮಾಡಿ: ಗಾಳಿಯ ಉಷ್ಣತೆಯ ಏರಿಕೆ 5ರ ಬದಲು ಸುಮಾರು 12 ಡಿಗ್ರಿ. ಡಿಸ್ಕಿನ ಮೈ ಗಾಳಿಗಿಂತಲೂ ಬಿಸಿ. ಮೇ ತಿಂಗಳಲ್ಲಿ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಕೋಣೆಯೇ 38-40 ಡಿಗ್ರಿ ಇದ್ದಾಗ, ಹಲವು ತಯಾರಕರು ಗರಿಷ್ಠ ಮಿತಿಯೆಂದು ಕೊಡುವ 60-65 ಡಿಗ್ರಿ ದೂರವೇನೂ ಇಲ್ಲ. ಬೆಂಗಳೂರಿನ ಓದುಗರು ಹಿಗ್ಗಬೇಕಿಲ್ಲ. ಸುಮಾರು 900 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆಯೇ ಶೇಕಡಾ 8ರಷ್ಟು ಕಡಿಮೆ. ಅಷ್ಟೇ ಲೀಟರ್ ಗಾಳಿ ಅಷ್ಟು ಉಷ್ಣವನ್ನು ಒಯ್ಯದು.

ಡಿಸ್ಕುಗಳ ನಡುವಿನ ಸಂದಿಯ ಬಗ್ಗೆಯೂ ಒಂದು ಮಾತು. ಎರಡು ಫಲಕಗಳ ನಡುವಿನ ಕಿರಿದಾದ ಸಂದಿಯಲ್ಲಿ ನಿಧಾನವಾದ, ಪದರಪದರವಾದ ಹರಿವು ಸಂದಿಯ ಅಗಲದ ಘನಕ್ಕೆ ಅನುಪಾತದಲ್ಲಿರುತ್ತದೆ. ಸಂದಿ ಅರ್ಧವಾದರೆ ಅದೇ ಒತ್ತಡದಲ್ಲಿ ಹರಿವು ಎಂಟನೇ ಒಂದು ಭಾಗ. ಇನ್ನೊಂದು ಡಿಸ್ಕಿಗೆ ಜಾಗ ಮಾಡಲು ಎರಡು ಮಿಲಿಮೀಟರ್ ಉಳಿಸುವ ವಿನ್ಯಾಸಕಾರ ತೆರುವ ಬೆಲೆ ಇದು.

ಮೂರು ಪೆಟ್ಟಿಗೆಗಳು

ಈ ಅಳತೆಗೋಲನ್ನು ಹಿಡಿದು, ಸ್ವತಃ ಜೋಡಿಸುವವರು ಹೆಚ್ಚಾಗಿ ಹೆಸರಿಸುವ ಮೂರು ಪೆಟ್ಟಿಗೆಗಳನ್ನು ನೋಡೋಣ. ಮೂರೂ ಮಿನಿ-ಐಟಿಎಕ್ಸ್ ಅಳತೆಯ ಮದರ್‌ಬೋರ್ಡಿಗೆ ಹೊಂದುವಂಥವು.

ಸಿಲ್ವರ್‌ಸ್ಟೋನ್ ಕಂಪನಿಯ ಡಿಎಸ್380: 21.6 ಲೀಟರ್ ಗಾತ್ರದಲ್ಲಿ ಮೂರೂವರೆ ಅಂಗುಲದ ಎಂಟು ಡಿಸ್ಕು. ಮುಂಬಾಗಿಲು ತೆರೆದು ಯಾವ ಡಿಸ್ಕನ್ನಾದರೂ ಗಣಕ ನಿಲ್ಲಿಸದೆ ಹೊರಗೆಳೆಯಬಹುದು. 120 ಮಿಲಿಮೀಟರಿನ ಮೂರು ಫ್ಯಾನುಗಳಿವೆ. ಕಾಗದದ ಮೇಲೆ ಇದಕ್ಕೆ ಎದುರಿಲ್ಲ. ಆದರೆ ಪಕ್ಕದ ಫ್ಯಾನುಗಳಿಂದ ಬರುವ ಗಾಳಿ ಡಿಸ್ಕುಗಳನ್ನು ತಲುಪಬೇಕಾದರೆ ತಗಡಿನ ಗೂಡಿನ ಸಣ್ಣ ಕಂಡಿಗಳನ್ನು ಹಾಯಬೇಕು. ಗೂಡಿನ ಹೊರಗಾದರೋ ದಾರಿ ಸಲೀಸು. ನಮ್ಮ ಒಂದಕ್ಕೆ ಮೂರರ ಲೆಕ್ಕ ಇಲ್ಲಿ ಕಣ್ಣಿಗೇ ಕಾಣುತ್ತದೆ. ಡಿಸ್ಕು ಕಾಯುತ್ತದೆಂಬುದು ಇದರ ಬಳಕೆದಾರರ ಹಳೆಯ ದೂರು. ರಟ್ಟಿನ ತುಂಡನ್ನು ಕತ್ತರಿಸಿ ಪಕ್ಕದ ದಾರಿಯನ್ನು ಮುಚ್ಚಿದರೆ ಉಷ್ಣತೆ ಇಳಿಯುತ್ತದೆಂದು ಅವರೇ ಕಂಡುಕೊಂಡಿದ್ದಾರೆ. ರಟ್ಟಿನ ತುಂಡೊಂದು ಸರಿಪಡಿಸಬಲ್ಲ ದೋಷವನ್ನು ಕಾರ್ಖಾನೆಯಲ್ಲೇ ಸರಿಪಡಿಸಬಹುದಿತ್ತಲ್ಲವೆ?

ಜಾನ್ಸ್‌ಬೋ ಕಂಪನಿಯ ಎನ್2: ಕೇವಲ 11 ಲೀಟರ್, ಐದು ಡಿಸ್ಕು. ನೋಡಲು ಅಂದ. ಡಿಸ್ಕುಗಳು ಕೆಳ ಅಂಕಣದಲ್ಲಿ, ಮದರ್‌ಬೋರ್ಡಿನಿಂದ ಬೇರೆಯಾಗಿವೆ. ಇದು ಒಳ್ಳೆಯ ಯೋಚನೆ, ಏಕೆಂದರೆ ಗಾಳಿಗೆ ಅಡ್ಡದಾರಿ ಕಡಿಮೆ. ಆದರೆ ಹಿಂದಿನ ಫ್ಯಾನಿಗೂ ಡಿಸ್ಕುಗಳಿಗೂ ನಡುವೆ ಕನೆಕ್ಟರುಗಳ ಸರ್ಕ್ಯೂಟ್ ಬೋರ್ಡು ಗೋಡೆಯಂತೆ ನಿಂತಿದೆ. ಜೊತೆಗೆ ಬರುವ ಫ್ಯಾನು 15 ಮಿಲಿಮೀಟರ್ ದಪ್ಪದ್ದು. ವಾಡಿಕೆಯ 25 ಮಿಲಿಮೀಟರ್ ಫ್ಯಾನಿಗೆ ಹೋಲಿಸಿದರೆ ತೆಳು ಫ್ಯಾನು ಒತ್ತಡದ ವಿರುದ್ಧ ಸಾಮಾನ್ಯವಾಗಿ ದುರ್ಬಲ. ತಡೆ ಹೆಚ್ಚಿರುವ ಕಡೆ ದುರ್ಬಲ ಫ್ಯಾನು: ಚಿಕ್ಕತನಕ್ಕೆ ತೆತ್ತ ಬೆಲೆ.

ಫ್ರಾಕ್ಟಲ್ ಡಿಸೈನ್ ಕಂಪನಿಯ ನೋಡ್ 304: 2012ರಲ್ಲಿ ಬಂದ ವಿನ್ಯಾಸ, ಸುಮಾರು 19.6 ಲೀಟರ್, ಆರು ಡಿಸ್ಕು. ಮೂರು ಚೌಕಟ್ಟುಗಳಲ್ಲಿ ಎರಡೆರಡರಂತೆ ಡಿಸ್ಕುಗಳು ತೂಗುತ್ತವೆ. ಮುಂದೆ 92 ಮಿಲಿಮೀಟರಿನ ಎರಡು ಫ್ಯಾನು, ಹಿಂದೆ 140ರದೊಂದು, ಗಾಳಿ ಒಳಬರುವಲ್ಲಿ ಧೂಳುಸೋಸುಕ. ಮುಂದಿನಿಂದ ಬಂದ ಗಾಳಿ ಡಿಸ್ಕುಗಳನ್ನು ಸವರಿಕೊಂಡೇ ಹಿಂದಕ್ಕೆ ಹೋಗಬೇಕು. ಕನೆಕ್ಟರುಗಳ ಗೋಡೆಯಿಲ್ಲ. ಆದ್ದರಿಂದಲೇ ಅನಾನುಕೂಲವೂ ಇದೆ: ಒಂದು ಡಿಸ್ಕು ಬದಲಿಸಲು ಗಣಕ ನಿಲ್ಲಿಸಿ, ಹೊದಿಕೆ ತೆಗೆದು, ಸ್ಕ್ರೂ ಬಿಚ್ಚಬೇಕು. ಮುಂದಿನ ಫ್ಯಾನುಗಳ ಗಾತ್ರವೂ ಕಡಿಮೆಯಾಯಿತು. ಒಂದೇ ವೇಗದಲ್ಲಿ ತಿರುಗುವ, ಒಂದೇ ಬಗೆಯ ಫ್ಯಾನುಗಳಲ್ಲಿ ಹರಿವು ವ್ಯಾಸದ ಘನಕ್ಕೆ ಅನುಪಾತದಲ್ಲಿರುತ್ತದೆ. 120ರ ಒಂದು ಫ್ಯಾನು 92ರ ಎರಡಕ್ಕೂ ಮಿಗಿಲು.

ಮನೆಯ ಬಳಕೆಗೆ ಈ ಮೂರರಲ್ಲಿ ನನ್ನ ಆಯ್ಕೆ ಮೂರನೆಯದೇ. ಡಿಸ್ಕು ಬದಲಿಸುವ ಅರ್ಧ ಗಂಟೆಯ ಕೆಲಸ ಕೆಲವು ವರ್ಷಕ್ಕೊಮ್ಮೆ ಬರುವಂಥದು. ಗಾಳಿಯ ಕೆಲಸ ದಿನದ 24 ಗಂಟೆಯದು.

ಸದ್ದು ಮತ್ತು ಕಂಪನ

ಫ್ಯಾನಿನ ವೇಗ ಅರ್ಧವಾದರೆ ಹರಿವೂ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ದೊಡ್ಡ ಫ್ಯಾನನ್ನು ನಿಧಾನವಾಗಿ ತಿರುಗಿಸುವುದೇ ಜಾಣತನ ಎಂಬುದಕ್ಕೆ ಇದೇ ಕಾರಣ.

ಕಂಪನದ ಮಾತು ಬೇರೆ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕು 120 ಹರ್ಟ್ಸ್‌ನಲ್ಲಿ ನಡುಗುತ್ತದೆ. 5400ರದು 90 ಹರ್ಟ್ಸ್‌ನಲ್ಲಿ. ಎರಡು ಡಿಸ್ಕುಗಳ ವೇಗದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಏರುತ್ತ ಇಳಿಯುತ್ತ ಗುಂಯ್‌ಗುಡುವ ಸದ್ದು ಹುಟ್ಟುತ್ತದೆ. ಶ್ರುತಿಕವೆಗಳಿಂದ ತರಗತಿಯಲ್ಲಿ ತೋರಿಸುವ ‘ಬೀಟ್ಸ್’ ಇದೇ. ತೆಳು ತಗಡಿನ ಪಕ್ಕದ ಫಲಕ ಅದನ್ನು ತಂಬೂರಿಯ ಬುರುಡೆಯಂತೆ ಹಿಗ್ಗಿಸುತ್ತದೆ.

ಇದು ಕಿವಿಯ ಕಿರಿಕಿರಿ ಮಾತ್ರವಲ್ಲ. ಡಿಸ್ಕಿನ ಒಂದು ಅಂಗುಲದಲ್ಲಿ ನಾಲ್ಕು ಲಕ್ಷ ಜಾಡುಗಳಿದ್ದರೆ ಜಾಡಿನಿಂದ ಜಾಡಿಗೆ ದೂರ ಸುಮಾರು 64 ನ್ಯಾನೊಮೀಟರ್. ಇಷ್ಟು ಕಿರಿದಾದ ಜಾಡಿನ ಮೇಲೆ ಓದುವ ತುದಿ ನಿಲ್ಲಬೇಕು. 2008ರ ಕೊನೆಯಲ್ಲಿ, ಆಗ ಸನ್ ಮೈಕ್ರೊಸಿಸ್ಟಮ್ಸ್‌ನಲ್ಲಿದ್ದ ಬ್ರೆಂಡನ್ ಗ್ರೆಗ್ ಸಾಲು ಡಿಸ್ಕುಗಳ ಎದುರು ನಿಂತು ಜೋರಾಗಿ ಕೂಗಿದಾಗ, ಡಿಸ್ಕುಗಳ ಪ್ರತಿಕ್ರಿಯೆ ತಡವಾದದ್ದು ಪರದೆಯ ಮೇಲಿನ ನಕ್ಷೆಯಲ್ಲಿ ಕಾಣಿಸಿತು. ಆ ವಿಡಿಯೊ ಪ್ರಸಿದ್ಧವಾಗಿದೆ. ತರಗತಿಯಲ್ಲಿ ತೋರಿಸಲು ಯೋಗ್ಯ. ಪೆಟ್ಟಿಗೆ ಭಾರವಾದ, ಬಿಗಿಯಾದ ತಗಡಿನದಾಗಿರಲಿ. ಡಿಸ್ಕಿಗೂ ಚೌಕಟ್ಟಿಗೂ ನಡುವೆ ರಬ್ಬರು ಇರಲಿ. ಆದರೆ ಡಿಸ್ಕು ಓಲಾಡುವಷ್ಟು ಮೆತ್ತಗಿನ ರಬ್ಬರು ಬೇಡ. ಓದುವ ತೋಳು ಥಟ್ಟನೆ ತಿರುಗಿದಾಗ ಡಿಸ್ಕಿನ ಮೈ ವಿರುದ್ಧ ದಿಕ್ಕಿಗೆ ತಿರುಗಲು ಹವಣಿಸುತ್ತದೆ.

ಹಳೆಯ ಕ್ಯಾಬಿನೆಟ್ ಎಸೆಯಬೇಡಿ

ಈ ಎಲ್ಲ ಲೆಕ್ಕದ ಫಲಿತಾಂಶ ಸ್ವಲ್ಪ ನೀರಸ, ಆದರೆ ಜೇಬಿಗೆ ಹಿತ. ಮುಂದೆ 120 ಮಿಲಿಮೀಟರಿನ ಫ್ಯಾನು, ಅದರ ಬೆನ್ನಿಗೇ ಡಿಸ್ಕುಗಳ ಗೂಡು, ಹಿಂದೆ ಇನ್ನೊಂದು ಫ್ಯಾನು ಇರುವ ಸಾಧಾರಣ ಟವರ್ ಕ್ಯಾಬಿನೆಟ್ ನಿಮ್ಮ ಅಟ್ಟದ ಮೇಲಿದ್ದರೆ, ಅದು ದುಬಾರಿಯ ಪುಟ್ಟ ಪೆಟ್ಟಿಗೆಗಿಂತ ಒಳ್ಳೆಯ ನಾಳ. ನಾಲ್ಕು ಡಿಸ್ಕುಗಳನ್ನು ಒಂದು ಖಾನೆ ಬಿಟ್ಟು ಒಂದರಲ್ಲಿ ಕೂರಿಸಿ. ಜಾಗ ಹೆಚ್ಚು ಹಿಡಿಯುತ್ತದೆ, ನಿಜ. ಪುಟ್ಟ ಪೆಟ್ಟಿಗೆಯೇ ಬೇಕಾದವರು ಅದು ಹಿಡಿಯುವುದಕ್ಕಿಂತ ಒಂದೆರಡು ಡಿಸ್ಕು ಕಡಿಮೆ ಹಾಕುವುದು ಲೇಸು.

ಯಾವ ಪೆಟ್ಟಿಗೆಯಾದರೂ ಡಿಸ್ಕು ಹಾಕುವ ಮೊದಲು ಒಂದು ಪ್ರಯೋಗ ಮಾಡಿ; ಇದು ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರಾಜೆಕ್ಟ್ ಕೂಡ. ರಟ್ಟಿನಲ್ಲಿ 147, 102, 26 ಮಿಲಿಮೀಟರ್ ಅಳತೆಯ ಡಬ್ಬಿಗಳನ್ನು ಮಾಡಿ ಡಿಸ್ಕುಗಳ ಜಾಗದಲ್ಲಿ ಇಡಿ. ಫ್ಯಾನುಗಳನ್ನು ಮಾತ್ರ ಓಡಿಸಿ, ಗಾಳಿ ಒಳಬರುವ ಕಡೆ ಕೈಯಳತೆಯ ದೂರದಲ್ಲಿ ಊದುಬತ್ತಿ ಹಿಡಿಯಿರಿ. ಹೊಗೆ ಡಬ್ಬಿಗಳ ನಡುವೆ ನುಸುಳುತ್ತದೆಯೋ, ಪಕ್ಕದಿಂದ ಜಾರಿಹೋಗುತ್ತದೆಯೋ ನೋಡಿ. ಜಾರುವ ಕಡೆ ರಟ್ಟು ಅಡ್ಡವಿಟ್ಟು ಮತ್ತೆ ನೋಡಿ. ಅನಂತರ ನಿಜವಾದ ಡಿಸ್ಕುಗಳನ್ನು ಹಾಕಿ, ಅವುಗಳೊಳಗಿನ ಸಂವೇದಕಗಳು ತೋರುವ ಉಷ್ಣತೆಯನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಬರೆದಿಡಿ. ಕೋಣೆಯ ಉಷ್ಣತೆಯನ್ನು ಕಳೆದು ಉಳಿಯುವ ವ್ಯತ್ಯಾಸವೇ ನಿಮ್ಮ ಪೆಟ್ಟಿಗೆಯ ನಿಜವಾದ ಅಂಕಪಟ್ಟಿ.

ಎಷ್ಟೇ ಒಳ್ಳೆಯ ಪೆಟ್ಟಿಗೆಯಾದರೂ ಬೆಂಕಿ, ಕಳವು, ಸಿಡಿಲು ಮತ್ತು ನಮ್ಮದೇ ಕೈತಪ್ಪು ಎಲ್ಲ ಡಿಸ್ಕುಗಳಿಗೂ ಒಟ್ಟಿಗೇ ತಾಗುವಂಥವು. ಅದಕ್ಕಾಗಿ ಮುಖ್ಯ ಕಡತಗಳ ಇನ್ನೊಂದು ಪ್ರತಿ ಬೇರೆಯೇ ಡಿಸ್ಕಿನಲ್ಲಿ, ಬೇರೆಯೇ ಮನೆಯಲ್ಲಿ ಇರಲಿ.