ಯಂತ್ರಕ್ಕೆ ಪಾಟೀಸವಾಲು ಹಾಕುವವರಾರು?

ಕೊಲೆ ಮಾಡಿದವರ ಮಿದುಳಿನಲ್ಲಿ ಆ ಕೃತ್ಯದ ಅನುಭವ ಅಚ್ಚೊತ್ತಿರುತ್ತದೆ, ಅದನ್ನು ಯಂತ್ರ ಓದಿ ಹೇಳುತ್ತದೆ ಎಂಬ ಮಾತನ್ನು ನಂಬಿ ನ್ಯಾಯಾಲಯವೊಂದು ಶಿಕ್ಷೆ ಬರೆದದ್ದು ಪುಣೆಯಲ್ಲಿ, 2008ರ ಜೂನ್ 12ರಂದು. ಎಂಬಿಎ ವಿದ್ಯಾರ್ಥಿನಿಯೊಬ್ಬಳು ತನ್ನ ಹಿಂದಿನ ಪ್ರಿಯಕರನಿಗೆ ಆರ್ಸೆನಿಕ್ ಬೆರೆಸಿದ ಪ್ರಸಾದ ಕೊಟ್ಟು ಕೊಂದಳು ಎಂಬುದು ಆರೋಪ. ಸೆಷನ್ಸ್ ನ್ಯಾಯಾಧೀಶೆ ಶಾಲಿನಿ ಫಣಸಳ್ಕರ್ ಜೋಶಿ ಆಕೆಗೂ ಆಕೆಯ ಸಂಗಾತಿಗೂ ಜೀವಾವಧಿ ಶಿಕ್ಷೆ ವಿಧಿಸಿದರು. ಸಾಂದರ್ಭಿಕ ಸಾಕ್ಷ್ಯಗಳು ಬೇರೆ ಇದ್ದವು, ಶಿಕ್ಷೆ ಬರೀ ಯಂತ್ರದ ಮೇಲೆ ನಿಂತಿತ್ತು ಎಂದರೆ ತಪ್ಪಾಗುತ್ತದೆ. ಆದರೆ ಯುವತಿಯಲ್ಲಿ ಕೊಲೆಯ ‘ಅನುಭವಜನ್ಯ ಜ್ಞಾನ’ ಇದೆ ಎಂದು ಮಿದುಳು ಪರೀಕ್ಷೆ ತೋರಿಸಿದ್ದನ್ನು ತೀರ್ಪು ಮನಸಾರೆ ಒಪ್ಪಿಕೊಂಡಿತು. ಆ ಒಪ್ಪಿಗೆಯೇ ನನ್ನ ತಕರಾರು.

ಪರೀಕ್ಷೆಯ ಹೆಸರು ಬ್ರೈನ್ ಎಲೆಕ್ಟ್ರಿಕಲ್ ಆಸಿಲೇಷನ್ ಸಿಗ್ನೇಚರ್, ಚಿಕ್ಕದಾಗಿ ಬಿಇಒಎಸ್. ತಲೆಗೆ 32 ಎಲೆಕ್ಟ್ರೋಡ್ ಅಂಟಿಸಿ ಆರೋಪಿಯನ್ನು ಕೂರಿಸುತ್ತಾರೆ. ಆಕೆ ಬಾಯಿ ಬಿಡಬೇಕಾಗಿಲ್ಲ. ಪೊಲೀಸರು ಕಟ್ಟಿದ ಕಥೆಯನ್ನು ಚೂರು ಚೂರು ಮಾಡಿ, ‘ನಾನು ಆರ್ಸೆನಿಕ್ ಕೊಂಡೆ’ ಎಂಬ ಥರದ ವಾಕ್ಯಗಳಾಗಿ ಕೇಳಿಸುತ್ತಾರೆ. ಮಧ್ಯೆ ಮಧ್ಯೆ ‘ಆಕಾಶ ನೀಲಿಯಾಗಿದೆ’ ಎಂಬಂಥ ಸಾದಾ ವಾಕ್ಯಗಳೂ ಬರುತ್ತವೆ. ಯಾವ ವಾಕ್ಯಕ್ಕೆ ಮಿದುಳಿನ ವಿದ್ಯುತ್ ಅಲೆಗಳು ಹೇಗೆ ಏರಿಳಿದವು ಎಂದು ಸಾಫ್ಟ್‌ವೇರ್ ಲೆಕ್ಕ ಹಾಕಿ, ಇದು ಕೇಳಿ ತಿಳಿದದ್ದು, ಇದು ಮಾಡಿ ಅನುಭವಿಸಿದ್ದು ಎಂದು ವಿಂಗಡಿಸಿಕೊಡುತ್ತದೆ.

ಈ ವಿಂಗಡಣೆಯೇ ಇಡೀ ವಿದ್ಯೆಯ ಜೀವ. ಅಮೆರಿಕದಲ್ಲಿ ಲಾರೆನ್ಸ್ ಫಾರ್ವೆಲ್ ಪ್ರಚಾರ ಮಾಡಿದ ‘ಬ್ರೈನ್ ಫಿಂಗರ್‌ಪ್ರಿಂಟಿಂಗ್’ ಕೂಡ ಇಷ್ಟು ದೂರ ಹೋಗಲಿಲ್ಲ. ಕೊಲೆಗಾರನಿಗಷ್ಟೇ ಗೊತ್ತಿರಬಹುದಾದ ವಿವರ ಈತನಿಗೆ ಪರಿಚಿತವೇ ಎಂಬುದಷ್ಟೇ ಅದರ ಪ್ರಶ್ನೆ. ಬಿಇಒಎಸ್ ಪರಿಚಯವನ್ನು ದಾಟಿ, ನೀನೇ ಮಾಡಿದೆ ಎನ್ನುತ್ತದೆ. ವಾರಗಟ್ಟಲೆ ವಿಚಾರಣೆಗೆ ಒಳಗಾದ ಆರೋಪಿ ಆ ಕಥೆಯನ್ನು ಎಷ್ಟು ಸಲ ಕೇಳಿಸಿಕೊಂಡಿರುತ್ತಾಳೆ! ಠಾಣೆಯಲ್ಲಿ ಕೇಳಿ ಕೇಳಿ ರಾತ್ರಿ ನಿದ್ದೆಯಲ್ಲೂ ಕಾಡಿದ ಚಿತ್ರಕ್ಕೂ ಕೈಯಾರೆ ಮಾಡಿದ್ದರ ನೆನಪಿಗೂ ನಡುವೆ ವಿದ್ಯುತ್ ಅಲೆ ಗೆರೆ ಎಳೆಯುತ್ತದೆ ಎನ್ನುವವರು ಅದನ್ನು ಸ್ವತಂತ್ರ ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ತೋರಿಸಬೇಕಿತ್ತು. ಮಿದುಳಿನ ಅಲೆಗಳಿಂದ ಮುಚ್ಚಿಟ್ಟ ಮಾಹಿತಿ ಪತ್ತೆಹಚ್ಚುವುದರಲ್ಲೇ ಜೀವಮಾನ ಕಳೆದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಪೀಟರ್ ರೋಸೆನ್‌ಫೆಲ್ಡ್ ಅವರೂ ಪುಣೆಯ ತೀರ್ಪಿನ ಸುದ್ದಿ ತಿಳಿದಾಗ ಇದೇ ಆಕ್ಷೇಪ ಎತ್ತಿದರು: ಸಹತಜ್ಞರು ಸರಿಯಾಗಿ ಪರಿಶೀಲಿಸಿಲ್ಲ, ಬೇರೆಯವರು ಮಾಡಿ ನೋಡಿಲ್ಲ.

ನಮ್ಮವರ ಆಕ್ಷೇಪ ಇನ್ನೂ ಹತ್ತಿರದ್ದು. ಈ ವಿಧಾನವನ್ನು ರೂಪಿಸಿದ ಚಂಪಾಡಿ ರಾಮನ್ ಮುಕುಂದನ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗದ ಮುಖ್ಯಸ್ಥರಾಗಿದ್ದವರು. ಅದನ್ನು ತೂಗಿ ನೋಡಲು ನೇಮಿಸಿದ ತಜ್ಞರ ಸಮಿತಿಗೆ ಅಧ್ಯಕ್ಷರು ಅದೇ ನಿಮ್ಹಾನ್ಸ್‌ನ ಆಗಿನ ನಿರ್ದೇಶಕ ಡಾ. ಡಿ. ನಾಗರಾಜ. ಇದಕ್ಕೆ ವೈಜ್ಞಾನಿಕ ಆಧಾರ ಸಾಲದು, ತನಿಖೆಯಲ್ಲಾಗಲಿ ಸಾಕ್ಷ್ಯವಾಗಿ ಆಗಲಿ ಬಳಸಬಾರದು ಎಂದು ಸಮಿತಿ ಹೇಳಿತು. ಆ ಸುದ್ದಿ ಹೊರಬಿದ್ದದ್ದು 2008ರ ಸೆಪ್ಟೆಂಬರ್‌ನಲ್ಲಿ. ಪುಣೆಯ ತೀರ್ಪು ಬಂದು ಆಗಲೇ ಮೂರು ತಿಂಗಳಾಗಿತ್ತು. ಮರುವರ್ಷ ಬಾಂಬೆ ಹೈಕೋರ್ಟ್ ಯುವತಿಗೆ ಜಾಮೀನು ಕೊಟ್ಟಿತು.

ಆಗ ತಜ್ಞನ ಅಭಿಪ್ರಾಯ ಸಾಕ್ಷ್ಯವಾಗುತ್ತಿದ್ದುದು 1872ರ ಸಾಕ್ಷ್ಯ ಅಧಿನಿಯಮದ 45ನೇ ಕಲಮಿನಿಂದ. 2024ರ ಜುಲೈ 1ರಿಂದ ಅದೇ ಮಾತು ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮಿನಲ್ಲಿದೆ. ವಿಶೇಷ ಪರಿಣತಿ ಇರಬೇಕು ಎನ್ನುವ ಕಲಮು ಆ ಪರಿಣತಿಯೇ ಗಟ್ಟಿಯೋ ಜೊಳ್ಳೋ ಎಂದು ತಿಳಿಯುವ ಬಗೆಯನ್ನು ಹೇಳುವುದಿಲ್ಲ. ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿದ್ದು 1999ರ ಹಿಮಾಚಲ ಪ್ರದೇಶ ಮತ್ತು ಜೈಲಾಲ್ ನಡುವಿನ ಪ್ರಕರಣ. ತಜ್ಞ ತೀರ್ಮಾನ ಹೇಳಿ ಕೈತೊಳೆದುಕೊಂಡರೆ ಸಾಲದು, ಅದು ಸರಿಯೇ ಎಂದು ನ್ಯಾಯಾಧೀಶರು ತಾವೇ ಅಳೆದು ನೋಡಲು ಬೇಕಾದ ವೈಜ್ಞಾನಿಕ ಮಾನದಂಡಗಳನ್ನೂ ಒದಗಿಸಬೇಕು ಎಂದಿತು ಸುಪ್ರೀಂ ಕೋರ್ಟ್. ಅಮೆರಿಕದಲ್ಲಿ ಈ ಚರ್ಚೆ ಶುರುವಾದದ್ದೇ ಸುಳ್ಳು ಪತ್ತೆಯಿಂದ. 1923ರ ಫ್ರೈ ತೀರ್ಪು ರಕ್ತದೊತ್ತಡ ನೋಡಿ ಸುಳ್ಳು ಹಿಡಿಯುವ ಪರೀಕ್ಷೆಯನ್ನು ಹೊರಗಿಟ್ಟಿತು. 1993ರ ಡಾಬರ್ಟ್ ತೀರ್ಪು ಇನ್ನೂ ಮುಂದೆ ಹೋಗಿ, ವಿಧಾನವನ್ನು ಪರೀಕ್ಷಿಸಿ ನೋಡಿದ್ದಾರೆಯೇ, ಎಷ್ಟು ಸಲ ತಪ್ಪುತ್ತದೆ ಎಂದು ಕೇಳುವ ಹೊಣೆಯನ್ನು ನ್ಯಾಯಾಧೀಶರ ಮೇಲೆಯೇ ಹೊರಿಸಿತು.

ಪುಣೆಯಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲವರು ಯಾರಿದ್ದರು? ವಿಧಾನ ಬಲ್ಲವರು ದೇಶದಲ್ಲಿ ಬೆರಳೆಣಿಕೆಯ ಜನ, ಅವರೂ ಬಹುಪಾಲು ಸರ್ಕಾರಿ ವಿಧಿವಿಜ್ಞಾನ ಪ್ರಯೋಗಾಲಯಗಳವರು. ಆರೋಪಿಯ ಪರ ವಕೀಲ ಎದುರು ತಜ್ಞನನ್ನು ಎಲ್ಲಿಂದ ತರಬೇಕು? ಬೆರಳಚ್ಚಿನ ವಿಷಯದಲ್ಲಾದರೆ ಎರಡು ಅಚ್ಚನ್ನು ಪಕ್ಕಪಕ್ಕ ಇಟ್ಟು ನ್ಯಾಯಾಧೀಶರೇ ಕಣ್ಣಾಡಿಸಬಹುದು. ಇಲ್ಲಿ ಸಾಫ್ಟ್‌ವೇರ್ ‘ಇದೆ’ ಎಂದರೆ ಇದೆ.

ಪುಣೆಯ ನ್ಯಾಯಾಲಯಕ್ಕೆ ಮನಸ್ಸಿನ ತಜ್ಞರನ್ನು ಜರಡಿ ಹಿಡಿಯಲು ಬಾರದು ಎನ್ನುವಂತಿಲ್ಲ. 2012ರ ಜನವರಿ 25ರ ಬೆಳಿಗ್ಗೆ ಸಂತೋಷ್ ಮಾನೆ ಎಂಬ ಸರ್ಕಾರಿ ಸಾರಿಗೆ ಬಸ್ ಚಾಲಕ ಸ್ವಾರಗೇಟ್ ನಿಲ್ದಾಣದಿಂದ ಬಸ್ಸೊಂದನ್ನು ಎಬ್ಬಿಸಿಕೊಂಡು ಹೋಗಿ ಬೀದಿಬೀದಿ ನುಗ್ಗಿಸಿದ, ಒಂಬತ್ತು ಜನ ಸತ್ತರು. ಆತನಿಗೆ ಮಾನಸಿಕ ಕಾಯಿಲೆ ಇತ್ತು ಎಂದು ಹೇಳಲು ಆತನ ಪರ ವಕೀಲರು ಸೊಲ್ಲಾಪುರದ ಮನೋವೈದ್ಯರನ್ನು ಕರೆಸಿದರು. ಸೆಷನ್ಸ್ ನ್ಯಾಯಾಲಯ ಆ ಸಾಕ್ಷ್ಯವನ್ನು ಒಪ್ಪದೆ 2013ರಲ್ಲಿ ಗಲ್ಲು ವಿಧಿಸಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಗಲ್ಲನ್ನು ಜೀವಾವಧಿಗೆ ಇಳಿಸಿತಾದರೂ, ಕಾನೂನು ಹೇಳುವ ಅರ್ಥದಲ್ಲಿ ಆತ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಎಂಬ ವಾದವನ್ನು ಮೇಲಿನವರೂ ಒಪ್ಪಲಿಲ್ಲ. ಆಗಿನ ದಂಡ ಸಂಹಿತೆಯ 84ನೇ ಕಲಮು ಕೇಳುತ್ತಿದ್ದುದು ಕಾಯಿಲೆ ಇತ್ತೇ ಎಂದಲ್ಲ. ಆ ಗಳಿಗೆಯಲ್ಲಿ ತಾನೇನು ಮಾಡುತ್ತಿದ್ದೇನೆಂದು ಆತನಿಗೆ ತಿಳಿಯುತ್ತಿತ್ತೇ ಎಂದು. ಇಷ್ಟು ಕಟ್ಟುನಿಟ್ಟು ಮನೋರೋಗಿಗಳ ಪಾಲಿಗೆ ನ್ಯಾಯವೇ ಎಂಬುದು ಬೇರೆಯೇ ಒಂದು ಲೇಖನದ ವಿಷಯ.

ಎರಡು ಪ್ರಕರಣಗಳನ್ನು ಎದುರುಬದುರು ಇಟ್ಟು ನೋಡಿ. ರೋಗಿಯನ್ನು ಮುಖಾಮುಖಿ ಕಂಡ ವೈದ್ಯರನ್ನು ಕಟಕಟೆಯಲ್ಲಿ ನಿಲ್ಲಿಸಿ ಚೀಟಿ ಎಲ್ಲಿ, ತಾರೀಖು ಯಾವುದು, ಯಾವ ಔಷಧ ಕೊಟ್ಟಿರಿ ಎಂದು ಬಿಡಿಸಿ ಬಿಡಿಸಿ ಕೇಳಬಹುದು. ಅವರ ಶಾಸ್ತ್ರಕ್ಕೆ ನೂರಾರು ವರ್ಷದ ಚರ್ಚೆಯ ಹಿನ್ನೆಲೆಯೂ ಇದೆ. ಆ ಮಾತು ತಿರಸ್ಕೃತವಾಯಿತು. ತಪ್ಪುವ ಪ್ರಮಾಣವನ್ನು ಯಾವ ಸ್ವತಂತ್ರ ಪ್ರಯೋಗಾಲಯವೂ ಲೆಕ್ಕ ಹಾಕಿ ತೋರಿಸದ ಯಂತ್ರದ ಮಾತು ಸ್ವೀಕೃತವಾಯಿತು. ಮನುಷ್ಯ ಸುಳ್ಳು ಹೇಳಬಲ್ಲ ಎಂದು ನ್ಯಾಯಾಲಯಕ್ಕೆ ಗೊತ್ತು. ಯಂತ್ರ ತಪ್ಪು ಹೇಳಬಲ್ಲದು ಎಂಬ ಅನುಮಾನ ಅಷ್ಟು ಬೇಗ ಹುಟ್ಟುವುದಿಲ್ಲ.

ಈ ಮೋಹಕ್ಕೆ ಹಿನ್ನೆಲೆ ಛಾಪಾಕಾಗದ ಹಗರಣದಲ್ಲೇ ಇತ್ತು. ಖಾನಾಪುರದ ಅಬ್ದುಲ್ ಕರೀಂ ತೆಲಗಿಗೆ ಬೆಂಗಳೂರಿನಲ್ಲಿ ಮಾಡಿದ ಮಂಪರು ಪರೀಕ್ಷೆಯ ದೃಶ್ಯಗಳು ಟಿವಿಯಲ್ಲಿ ಬಂದು ಮನೆಮನೆಯ ಮಾತಾದವು. ಅದೇ ಹಗರಣದ ಇನ್ನೊಬ್ಬ ಆರೋಪಿ ರಾಮಚಂದ್ರ ರೆಡ್ಡಿ ಹೂಡಿದ ಪ್ರಕರಣದಲ್ಲಿ 2004ರಲ್ಲಿ ಬಾಂಬೆ ಹೈಕೋರ್ಟ್, ಮಿದುಳು ಪರೀಕ್ಷೆಯಿಂದ ಹೊರಡುವುದು ಹೇಳಿಕೆಯೇ ಅಲ್ಲ, ಹಾಗಾಗಿ ಬಲವಂತವಾಗಿ ಮಾಡಿದರೂ ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತ್ತು. ಹೇಳಿಕೆಯಲ್ಲ ಎಂದು ಒಳಬಿಟ್ಟದ್ದು ನಾಲ್ಕೇ ವರ್ಷದಲ್ಲಿ ತಪ್ಪೊಪ್ಪಿಗೆಯಷ್ಟು ತೂಕ ಪಡೆಯಿತು.

2010ರ ಮೇ 5ರಂದು ಸೆಲ್ವಿ ಮತ್ತು ಕರ್ನಾಟಕ ರಾಜ್ಯ ನಡುವಿನ ಪ್ರಕರಣದಲ್ಲಿ ಕೆ.ಜಿ. ಬಾಲಕೃಷ್ಣನ್, ಆರ್.ವಿ. ರವೀಂದ್ರನ್, ಜೆ.ಎಂ. ಪಾಂಚಾಲ್ ಅವರ ಪೀಠ ಇದನ್ನು ತಡೆಯಿತು. ಮಂಪರು ಪರೀಕ್ಷೆ, ಸುಳ್ಳು ಪತ್ತೆ, ಮಿದುಳು ಪರೀಕ್ಷೆ ಯಾವುದನ್ನೂ ಒಪ್ಪಿಗೆಯಿಲ್ಲದೆ ಮಾಡಕೂಡದು, ಒಪ್ಪಿ ಮಾಡಿಸಿಕೊಂಡರೂ ಫಲಿತಾಂಶವೇ ಸಾಕ್ಷ್ಯವಾಗದು, ಅದರ ಸುಳಿವಿನಿಂದ ಮುಂದೆ ಸಿಕ್ಕ ವಸ್ತುವನ್ನು ಮಾತ್ರ ನೋಡಬಹುದು. ದೊಡ್ಡ ತೀರ್ಪು, ಅನುಮಾನವಿಲ್ಲ. ಆದರೂ ನನಗೊಂದು ಅಸಮಾಧಾನವಿದೆ. ಪೀಠ ಮುಖ್ಯವಾಗಿ ನಿಂತದ್ದು ಮೌನವಾಗಿರುವ ಹಕ್ಕಿನ ಮೇಲೆ. ಈ ಪರೀಕ್ಷೆಗಳ ಮಿತಿಗಳನ್ನು ಪುಟಗಟ್ಟಲೆ ಚರ್ಚಿಸಿಯೂ, ಇವು ವಿಜ್ಞಾನವೇ ಎಂಬ ಪ್ರಶ್ನೆಗೆ ಕಟ್ಟಕಡೆಯ ಉತ್ತರ ಕೊಡಲಿಲ್ಲ. ಹಾಗಾಗಿ ಒಪ್ಪಿಗೆ ಎಂಬ ಬಾಗಿಲು ತೆರೆದೇ ಉಳಿಯಿತು. ಕಸ್ಟಡಿಯಲ್ಲಿರುವವನ ಒಪ್ಪಿಗೆ ಎಂಥದ್ದು ಎಂದು ಜೈಲು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ, ಪುಣೆಯ ಯುವತಿಯೂ ಒಪ್ಪಿಯೇ ಕೂತಿದ್ದಳು. ಸೆಲ್ವಿ ತೀರ್ಪಿನ ಹತ್ತು ವರ್ಷಗಳ ನಂತರ, 2020ರ ನವೆಂಬರ್‌ನಲ್ಲಿ, ಹಾಥರಸ್ ಪ್ರಕರಣದ ಆರೋಪಿಗಳನ್ನು ಸಿಬಿಐ ಇದೇ ಪರೀಕ್ಷೆಗೆಂದು ಗುಜರಾತಿನ ಗಾಂಧಿನಗರದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕರೆದೊಯ್ದಿತು.

ಗಾಂಧಿನಗರದಿಂದಲೋ ಮುಂಬೈಯಿಂದಲೋ ಇಂಥ ಮುಂದಿನ ವರದಿ ಬಂದಾಗ, ಅಲೆಗಳ ಕಚ್ಚಾ ದಾಖಲೆ, ಕೇಳಿಸಿದ ವಾಕ್ಯಗಳ ಪೂರ್ತಿ ಪಟ್ಟಿ, ಸಾಫ್ಟ್‌ವೇರ್ ಎಷ್ಟು ಸಲ ತಪ್ಪುತ್ತದೆ ಎಂಬ ಲೆಕ್ಕ, ಇಷ್ಟನ್ನೂ ಆರೋಪಿಯ ಪರ ವಕೀಲರು ಬರವಣಿಗೆಯಲ್ಲಿ ಕೇಳಲಿ. ಪ್ರಯೋಗಾಲಯ ಕೊಡದಿದ್ದರೆ ನ್ಯಾಯಾಧೀಶರು ಆ ವರದಿಯನ್ನು ಓದುವ ಮೊದಲೇ ಕಡತದಿಂದ ಹೊರಗಿಡಲಿ.