ಹೊನ್ನಮ್ಮನ ಮನೆವಾರ್ತೆ

ಮದ್ದೂರೆಂದರೆ ಹೊರಗಿನವರಿಗೆ ವಡೆ. 1917ರಲ್ಲಿ ಇಲ್ಲಿಯ ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಎಂಬವರು ಅದನ್ನು ಮೊದಲು ಕರಿದರೆಂದು ಪ್ರತೀತಿ. ಸಂತೋಷವೇ, ತಿಂಡಿಗೊಂದು ಇಸವಿ, ಮಾಡಿದವರಿಗೊಂದು ಹೆಸರು ದೊರಕಿತು. ಆದರೆ ಇದೇ ಸೀಮೆಯ ಮನೆಮನೆಯ ಬಸ್ಸಾರು? ಸೊಪ್ಪು ಕಾಳುಗಳನ್ನು ಬೇಯಿಸಿ, ಬಸಿದ ಕಟ್ಟಿನಿಂದ ಸಾರನ್ನೂ ಉಳಿದುದರಿಂದ ಪಲ್ಯವನ್ನೂ ಮಾಡಿ, ಮುದ್ದೆಗೆ ಎರಡು ಬಗೆಯ ಜೊತೆ ಒದಗಿಸಿದ ಆ ಜಾಣ್ಮೆ ಯಾರದು? ಯಾರೋ ಹೆಂಗಸರದು ಎನ್ನುವುದಕ್ಕಿಂತ ಹೆಚ್ಚಿಗೆ ಹೇಳಲಾರೆವು.

ಇದು ಬರಿಯ ಅಡಿಗೆಮನೆಯ ಮಾತಾಗಿದ್ದರೆ ಸಾಹಿತ್ಯದ ಪುಟದಲ್ಲಿ ಇದಕ್ಕೆ ಎಡೆಯಿರಲಿಲ್ಲ. ನಮ್ಮ ಸಾಹಿತ್ಯಚರಿತ್ರೆಯೂ ಹೀಗೆಯೇ ನಡೆದುಕೊಂಡಿದೆಯೆಂಬುದು ನನ್ನ ಆಕ್ಷೇಪಣೆ. 1025ರ ‘ಲೋಕೋಪಕಾರ’ದಲ್ಲಿ ಇಮ್ಮಡಿ ಚಾವುಂಡರಾಯನು ಅಡಿಗೆಯ ವಿಷಯಕ್ಕೆ ಸ್ಥಳ ಕೊಟ್ಟನು. ಹದಿನಾರನೆಯ ಶತಮಾನದ ಮೊದಲಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನೇ ವಾರ್ಧಕ ಷಟ್ಪದಿಯಲ್ಲಿ ಬರೆದನು. ಬದನೆಕಾಯಿಯ ಪಾಕಗಳನ್ನು ಓದುವಾಗ ಬಾಯಲ್ಲಿ ನೀರೂರುವುದು ನಿಜ. ಅರಸನು ಎಂದಾದರೂ ಸೌಟು ಹಿಡಿದಿದ್ದನೆ ಎಂದು ಕೇಳುವುದು ತುಂಟತನವಾದೀತು. ಆದರೂ ಕಲಿಸಿದ ಕೈ ಒಂದು, ಬರೆದ ಕೈ ಒಂದು ಎಂಬ ಗುಮಾನಿ ನನ್ನನ್ನು ಬಿಡದು.

ಸಂಚಿಯ ಹೊನ್ನಮ್ಮನಲ್ಲಿ ಈ ಎರಡು ಕೈಗಳೂ ಒಂದೇ ಆದವು. ಅವಳ ಊರು ಯಳಂದೂರು. ನಮ್ಮಿಂದ ಮಳವಳ್ಳಿ, ಕೊಳ್ಳೇಗಾಲಗಳನ್ನು ದಾಟಿದರೆ ಬಂದೇ ಬಿಟ್ಟಿತು. ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿದು ನಿಂತ ಊಳಿಗದವಳು, ‘ಹದಿಬದೆಯ ಧರ್ಮ’ವನ್ನು ಸಾಂಗತ್ಯದಲ್ಲಿ ರಚಿಸಿದಳು. ಪಂಡಿತರು ಇದನ್ನು ಪತಿವ್ರತೆಯರ ಕೈಪಿಡಿಯೆಂದು ಹೊಗಳಿದರು. ಇಂದಿನವರು ಅದೇ ಕಾರಣಕ್ಕೆ ಪಕ್ಕಕ್ಕಿಟ್ಟರು. ಇಬ್ಬರೂ ಪೂರ್ತಿ ಓದಿದಂತೆ ಕಾಣಲಿಲ್ಲ.

ಹೊನ್ನಮ್ಮ ಹಳೆಯ ಕಟ್ಟಳೆಯನ್ನು ಮುರಿದವಳಲ್ಲ. ಗಂಡನ ಸೇವೆ, ಅತ್ತೆಮಾವಂದಿರ ಉಪಚಾರ ಇವನ್ನೆಲ್ಲ ಒಪ್ಪಿಯೇ ಹೇಳುತ್ತಾಳೆ. ಉಪದೇಶ ಬೇಸರ ತರಿಸುವ ಎಡೆಗಳೂ ಉಂಟು. ಆದರೆ ಮಗ ಹುಟ್ಟಿದರೆ ಹಿಗ್ಗಿ ಮಗಳು ಹುಟ್ಟಿದರೆ ಕುಗ್ಗುವವರನ್ನು ಅವಳು ತಡೆದು ನಿಲ್ಲಿಸುತ್ತಾಳೆ. ಹೆತ್ತು ಸಾಕಿದವಳೂ ಹೆಣ್ಣೇ ಆಗಿರುವಾಗ ಹೆಣ್ಣೆಂದರೆ ತಾತ್ಸಾರವೇಕೆ ಎಂದು ಕೇಳುತ್ತಾಳೆ. ಆ ಪದ್ಯಗಳಲ್ಲಿ ದನಿಯೇ ಬೇರೆ. ಶಾಸ್ತ್ರದಿಂದ ಎರವಲು ತಂದ ಮಾತಲ್ಲ ಅದು. ಊಳಿಗದ ಮನೆಯಲ್ಲಿ ನಿಂತು ನೋಡಿದವಳ ಮಾತು. ಕರ್ತವ್ಯದ ಪಟ್ಟಿಯನ್ನು ಅಷ್ಟು ವಿಸ್ತಾರವಾಗಿ ಕೊಟ್ಟವಳು ಕೇಳಿದ್ದರಿಂದಲೇ ಪ್ರಶ್ನೆಗೆ ಮೊನೆ ಬಂದಿದೆ: ಇಷ್ಟು ದುಡಿಮೆ ನಡೆಸುವವಳು ಕೀಳಾದದ್ದು ಹೇಗೆ? ಮಂಗರಸನಲ್ಲಿ ಪಾಕವುಂಟು, ಈ ಪ್ರಶ್ನೆಯಿಲ್ಲ.

ಹೊನ್ನಮ್ಮನಿಗೆ ಹೆಸರಾದರೂ ಉಳಿಯಿತು. ರಾಗಿಕಲ್ಲಿನ ಮುಂದೆ ಕುಳಿತು ತ್ರಿಪದಿ ಕಟ್ಟಿದವರಿಗೆ ಅದೂ ಇಲ್ಲ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದಾಗ ಓದುಬಲ್ಲವರು ಬೆರಗಾದರು. ಆದರೆ ಅಚ್ಚಿನಲ್ಲಿ ಮೂರು ಸಾಲು ಮಾತ್ರ ಬಂದಿತು. ಕಲ್ಲು ತಿರುಗುವ ಗತಿ, ಗೂಟ ಹಿಡಿದವಳ ಏದುಸಿರು ಹಳ್ಳಿಯಲ್ಲೇ ಉಳಿದವು. ನಮ್ಮ ಕಡೆಯೂ ಗಿರಣಿ ಬಂದಮೇಲೆ ಕಲ್ಲು ಮೂಲೆ ಸೇರಿತು. ರಟ್ಟೆಗೆ ಬಿಡುವಾದದ್ದು ಒಳ್ಳೆಯದೇ, ಹಾಡಿಗೆ ಮಾತ್ರ ನೆಲೆ ತಪ್ಪಿತು.

ಹೊನ್ನಮ್ಮನ ಸಾಂಗತ್ಯವೂ ಹಾಡುಗಬ್ಬವೇ. ತರಗತಿಯಲ್ಲಿ ಅದನ್ನು ಅರ್ಥ ಹೇಳಿ ಮುಗಿಸದೆ, ಬೀಸುಕಲ್ಲಿನ ತ್ರಿಪದಿಯ ಜೊತೆಗಿರಿಸಿ ರಾಗವಾಗಿ ಹಾಡಿಸಬೇಕು. ಅವಳು ಮಂಗರಸನ ಓಲಗಕ್ಕಿಂತ ರಾಗಿಕಲ್ಲಿಗೆ ಎಷ್ಟು ಸಮೀಪದವಳೆಂಬುದು ಆಗ ಕಿವಿಗೇ ತಿಳಿಯುತ್ತದೆ.